ಕೈಚೀಲಕ್ಕೊಂದು ಚಾಕು

ಹೆಣ್ಣಿನ ಮೊದಲ ಚಾಕು ಅವಳ ಹಲ್ಲು. ಹೊಲಿಗೆ ಮುಗಿಸಿ ದಾರ ಕಡಿಯುವುದು ಹಲ್ಲಿನಲ್ಲಿ, ಹೂ ಕಟ್ಟುತ್ತ ಬಾಳೆನಾರು ಸೀಳುವುದು ಹಲ್ಲಿನಲ್ಲಿ, ಹಾಲಿನ ಪೊಟ್ಟಣದ ಮೂಲೆ, ಶಾಂಪೂ ಚೀಟಿಯ ಅಂಚು, ಮಗುವಿನ ಔಷಧದ ಶೀಶೆಗೆ ಸುತ್ತಿದ ಪ್ಲಾಸ್ಟಿಕ್ಕು, ಎಲ್ಲಕ್ಕೂ ಅದೇ. ಎರಡನೆಯದು ಉಗುರು. ಬೆಳ್ಳುಳ್ಳಿಯ ಸಿಪ್ಪೆಗೂ ಉಗುರು, ಕಿತ್ತಳೆಗೂ ಉಗುರು, ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿದ ಬೆಲೆಯ ಚೀಟಿ ಕೀಳಲಿಕ್ಕೂ ಉಗುರು. ಮೂರನೆಯದು ಬಳೆಗೋ ಸರಕ್ಕೋ ನೇತುಬಿದ್ದಿರುವ ಪಿನ್ನು. ಈ ಮೂರು ಆಯುಧಗಳಿಂದಲೇ ನಾವು ನಲವತ್ತು ವರ್ಷ ಸಂಸಾರ ಮಾಡಿಬಿಡುತ್ತೇವೆ. ಅರವತ್ತು ದಾಟುವ ಹೊತ್ತಿಗೆ ಹಲ್ಲು ಕಟ್ಟಿಸಿದ್ದಾಗಿರುತ್ತದೆ. ಉಗುರು ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ. ಪಿನ್ನಿನ ಮೊನೆ ಎಲ್ಲಿದೆಯೆಂದು ಕನ್ನಡಕ ಹಾಕದೆ ಕಾಣುವುದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿರಿಯರು ಹೇಳಿದ್ದು ತಿನ್ನುವ ಮಾತಾಯಿತು. ಈಗ ಕಡಲೆಯೂ ಪೊಟ್ಟಣದಲ್ಲೇ ಬರುವುದರಿಂದ ಹಲ್ಲಿಲ್ಲದವರಿಗೆ ಅದರ ಮುಖದರ್ಶನವೂ ಕಷ್ಟ.

ಆದ್ದರಿಂದ ಅರವತ್ತರ ಮೇಲಿನ ಹೆಂಗಸಿನ ಕೈಚೀಲದಲ್ಲಿ ಮಡಿಸುವ ಸಣ್ಣದೊಂದು ಚಾಕು ಇರಲೇಬೇಕು ಎಂಬುದು ನನ್ನ ವಾದ. ಎಂಥ ಚಾಕು ಎಂಬುದೇ ಇಲ್ಲಿಯ ವಿಚಾರ. ಕತೆ ಕಾದಂಬರಿಗಳಿಗೆ ವಿಮರ್ಶೆಯಿದೆ, ಸಿನಿಮಾಕ್ಕಿದೆ, ಹೋಟೆಲಿನ ದೋಸೆಗೂ ಇದೆ. ಚಾಕುವಿಗೂ ಇಲ್ಲದಿಲ್ಲ. ಆದರೆ ನಾನು ಓದಿದ್ದೆಲ್ಲ ಗಂಡಸರು ಗಂಡಸರಿಗಾಗಿ ಬರೆದದ್ದು. ಅದರಲ್ಲಿ ಉಕ್ಕಿನ ಗಡಸುತನದ ಲೆಕ್ಕವಿರುತ್ತದೆ, ಬೀಗದ ಬಲದ ವರ್ಣನೆಯಿರುತ್ತದೆ, ಕಾಡಿನಲ್ಲಿ ಒಬ್ಬನೇ ಸಿಕ್ಕಿಬಿದ್ದರೆ ಈ ಚಾಕುವಿನಿಂದ ಏನೇನು ಸಾಧಿಸಬಹುದು ಎಂಬ ಕನಸಿರುತ್ತದೆ. ನಾನು ಕಾಡಿನಲ್ಲಿ ಸಿಕ್ಕಿಬೀಳುವವಳಲ್ಲ. ಸಿಕ್ಕಿಬೀಳುವುದೇನಿದ್ದರೂ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ, ಬಿಚ್ಚಲಾಗದ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೈಯಲ್ಲಿ ಹಿಡಿದುಕೊಂಡು. ಪಕ್ಕದಲ್ಲಿ ಕೂತ ಕಾಲೇಜು ಹುಡುಗನನ್ನು "ಒಂಚೂರು ಇದನ್ನು ಬಿಚ್ಚಿಕೊಡ್ತೀಯೇನಪ್ಪಾ" ಎಂದು ಕೇಳಬಹುದು. ಕೇಳಿದರೆ ಕೊಡುತ್ತಾನೆ, ಒಳ್ಳೆಯ ಹುಡುಗನೇ. ಆದರೆ ದಿನಕ್ಕೆ ಎಷ್ಟು ಸಲ, ಎಷ್ಟು ಜನರನ್ನು ಕೇಳುವುದು?

ಅಲಗು ಎಂದರೆ ನಮಗೇನು ಹೊಸದೇ? ಈಳಿಗೆಮಣೆಯ ಮೇಲೆ ಒಂದು ಕಾಲು ಮಡಿಸಿ ಕೂತು, ಗೇಣುದ್ದದ ಬಾಗಿದ ಅಲಗನ್ನು ಎದೆಯ ಮುಂದಿಟ್ಟುಕೊಂಡು, ಪಕ್ಕದ ಮನೆಯ ಸುದ್ದಿ ಹೇಳುತ್ತಲೇ ಹುರುಳಿಕಾಯಿ ಹೆಚ್ಚಿದವರು ನಾವು. ನಮ್ಮ ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಸುಲಿಯುತ್ತಾರೆ. ಕಾಲಿನಲ್ಲಿ ಮೆಟ್ಟಿ ಹಿಡಿದ ಕತ್ತಿಗೆ ಕಾಯಿ ಕೊಟ್ಟು ತಿರುಗಿಸಿ ತೆಗೆದರೆ ಸಿಪ್ಪೆ ಬೇರೆ, ಅಡಿಕೆ ಬೇರೆ. ಅದನ್ನು ನೋಡಿ ಯಾರೂ ಹೆದರಿದ್ದಿಲ್ಲ. ಅದೇ ಹೆಂಗಸು ಎರಡೂವರೆ ಅಂಗುಲದ ಚಾಕುವನ್ನು ಕೈಚೀಲಕ್ಕೆ ಹಾಕಿಕೊಂಡು ಹೊಸಿಲು ದಾಟಲಿ, "ಯಾಕಮ್ಮಾ, ಯಾರಿಗೆ ಚುಚ್ಚೋಕೆ?" ಎಂಬ ಪ್ರಶ್ನೆ ಮನೆಯೊಳಗಿನಿಂದಲೇ ಬರುತ್ತದೆ.

ನಮ್ಮ ಕಡೆ ಹೆಣ್ಣಿಗೆ ತನ್ನದೇ ಆದ ಕತ್ತಿಯೆಂದು ಕೊಡುತ್ತಿದ್ದದ್ದು ಬಾಣಂತನದಲ್ಲಿ ಮಾತ್ರ. ಮಂಚದ ಕೆಳಗೊಂದು ಕತ್ತಿ, ಬಚ್ಚಲಿಗೆ ಹೋಗಿಬರುವಾಗ ಕೈಯಲ್ಲೊಂದು ಕಬ್ಬಿಣದ ಚೂರು, ಗಾಳಿ ಸೋಕದಿರಲಿ ಎಂದು. ಗಂಡಿಗಾದರೆ ಮದುವೆಯಲ್ಲೇ ಕೈಗೆ ಚೂರಿ ಬರುತ್ತದೆ. ಎಷ್ಟೋ ಊರುಗಳಲ್ಲಿ ಮದುಮಗ ನಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದೇ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಕೊಡಗಿನಲ್ಲಿ ಗಂಡಸರು ಕುಪ್ಪಸ ತೊಟ್ಟು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯಂತೂ ಬೆಳ್ಳಿಯ ಕೆಲಸದ ಒಡವೆಯೇ ಸರಿ. ಇನ್ನು ಉತ್ತರಪ್ರದೇಶದ ರಾಮ್‌ಪುರದವರು ಹಿಂದಿ ಸಿನಿಮಾದ ಖಳನಾಯಕರಿಗೆ ಚಾಕು ಕೊಟ್ಟು ಹೆಸರಾದವರು. 2023ರಲ್ಲಿ ಅಲ್ಲಿ ಒಂದು ಚೌಕಕ್ಕೆ ಚಾಕುವಿನ ಹೆಸರನ್ನೇ ಇಟ್ಟು, ಸುಮಾರು ಇಪ್ಪತ್ತು ಅಡಿ ಎತ್ತರದ ಚಾಕುವೊಂದನ್ನು ನಿಲ್ಲಿಸಿದ್ದಾರೆ. ಇಪ್ಪತ್ತು ಅಡಿಯದು ಚೌಕದಲ್ಲಿ ನಿಂತರೆ ಊರಿನ ಹೆಮ್ಮೆ, ಎರಡೂವರೆ ಅಂಗುಲದ್ದು ನನ್ನ ಚೀಲದಲ್ಲಿದ್ದರೆ ಅನುಮಾನ.

ಈ ವಿಷಯ ನನಗೆ ತಮಾಷೆಯಾಗಿಯೇ ಉಳಿಯುತ್ತಿತ್ತೋ ಏನೋ, ನನ್ನ ಓರಗಿತ್ತಿಗೆ ಆದದ್ದು ಆಗದಿದ್ದರೆ. ಅವರಿಗೆ ಎಪ್ಪತ್ತೊಂದು. ತೀರ್ಥಹಳ್ಳಿಯ ಹತ್ತಿರ ಒಬ್ಬರೇ ಇದ್ದಾರೆ. ಭಾವನವರು ಹೋದ ಮೇಲೆ ಬೆಂಗಳೂರಿಗೆ ಬಾ ಎಂದು ಮಕ್ಕಳು ಕರೆದರೂ ಹೋಗಲಿಲ್ಲ. ಹೃದಯಕ್ಕೆ ಸಂಬಂಧಿಸಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ದಿನ ಅದೇ ಮಾತ್ರೆಯ ಪಟ್ಟಿಯನ್ನು ಬಿಡಿಸಲು ಹೆಬ್ಬೆರಳಿನಲ್ಲಿ ಒತ್ತಿದ್ದಾರೆ, ಬಲ ಸಾಲಲಿಲ್ಲ. ಅಡಿಗೆಮನೆಯ ಚಾಕು ತಂದು ಪಟ್ಟಿಯನ್ನು ಎಡಗೈಯ ಮೇಲಿಟ್ಟುಕೊಂಡು ಕುಯ್ದಿದ್ದಾರೆ. ಚಾಕು ಮೊಂಡು. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು, ಹೆಚ್ಚು ಬಲ ಹಾಕಿದ್ದು ಜಾರಿದರೆ ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ಅಂಗೈಯಲ್ಲಿ ಹೋಯಿತು. ಗಾಯ ದೊಡ್ಡದಲ್ಲ, ಆದರೆ ಆ ಮಾತ್ರೆ ತಿನ್ನುವವರ ರಕ್ತ ಬೇಗ ನಿಲ್ಲುವುದಿಲ್ಲ. ಪಕ್ಕದ ತೋಟದವರು ಬಂದು ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ಹೊಲಿಗೆ.

ಮಕ್ಕಳು ರಾತ್ರೋರಾತ್ರಿ ಬಂದರು. ಬಂದವರು ಮನೆಯಲ್ಲಿದ್ದ ಚಾಕುಗಳನ್ನೆಲ್ಲ ಒಟ್ಟುಮಾಡಿ ಡಿಕ್ಕಿಗೆ ಹಾಕಿಕೊಂಡು ಹೋದರು. ಈಳಿಗೆಮಣೆಯನ್ನು ಅಟ್ಟಕ್ಕೆ ಏರಿಸಿದರು. ಹೆಚ್ಚಿದ ತರಕಾರಿ ಪೊಟ್ಟಣದಲ್ಲೇ ಸಿಗುತ್ತದಲ್ಲ, ತೀರ್ಥಹಳ್ಳಿಯಿಂದ ವಾರಕ್ಕೆರಡು ಸಲ ತಂದುಕೊಡಲು ಆಟೋದವನಿಗೆ ಹೇಳಿದರು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಹದಿನೈದು ದಿನ ಬಿಟ್ಟು ನಾನು ಹೋದಾಗ ಅಕ್ಕಯ್ಯ ಜಗಲಿಯಲ್ಲಿ ಕೂತಿದ್ದರು. ಮುಂದೆ ಹೆಚ್ಚಿದ ಬೀನ್ಸಿನ ಪೊಟ್ಟಣ, ಅಂಚಿಗೆಲ್ಲ ಬಿಸಿಯಿಂದ ಅಂಟು ಹಾಕಿದ್ದು.

"ಎಂತ ಮಾಡೂದು ಮಾರಾಯ್ತಿ," ಅಂದರು, "ಚಾಕು ಬೇಡ ಅಂತ ಹೆಚ್ಚಿದ್ದು ತರಿಸಿಕೊಟ್ಟಿದ್ದಾರೆ. ಹೆಚ್ಚಿದ್ದರ ಪೊಟ್ಟಣ ಬಿಚ್ಚೂಕೆ ಚಾಕು ಬೇಕು."

ಅವರು ನಗುತ್ತಲೇ ಹೇಳಿದರು. ಆದರೆ ಆ ಹದಿನೈದು ದಿನದಲ್ಲಿ ಅವರು ಮಾತ್ರೆ ಬಿಡಿಸಿಕೊಳ್ಳಲು ಕೆಲಸಕ್ಕೆ ಬರುವ ಹುಡುಗಿಯ ದಾರಿ ಕಾಯುತ್ತಿದ್ದರು. ಅವಳು ಬಾರದ ದಿನ ಮಾತ್ರೆ ಇಲ್ಲ. ಯಾವ ಮಾತ್ರೆಯ ಕಾರಣಕ್ಕೆ ಚಾಕು ಕಿತ್ತುಕೊಂಡರೋ ಆ ಮಾತ್ರೆಯೇ ಚಾಕುವಿಲ್ಲದೆ ತಪ್ಪುತ್ತಿತ್ತು. ಇದನ್ನು ಮಗನಿಗೆ ಫೋನು ಮಾಡಿ ಹೇಳಿದೆ. "ಚಿಕ್ಕಮ್ಮಾ, ಇನ್ನೊಂದು ಸಲ ಕುಯ್ಕೊಂಡ್ರೆ ಯಾರು ನೋಡ್ತಾರೆ?" ಎಂದ. ಪ್ರಶ್ನೆ ನ್ಯಾಯವೇ. ಅದಕ್ಕೆ ಉತ್ತರ ಚಾಕು ಇರಬೇಕೋ ಬೇಡವೋ ಎಂಬುದರಲ್ಲಿಲ್ಲ, ಎಂಥ ಚಾಕು ಎಂಬುದರಲ್ಲಿದೆ ಎಂದು ನನಗೆ ಅಂದೇ ಅನಿಸಿತು.

ಮೊದಲು ಕೈಯ ವಿಚಾರ. ಐವತ್ತು ದಾಟಿದ ಹೆಂಗಸರಲ್ಲಿ ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಬಹಳ ಸಾಮಾನ್ಯ. ಗಂಡಸರಿಗಿಂತ ನಮ್ಮಲ್ಲೇ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನೂ ಜಾಸ್ತಿ. ಬಾಟಲಿಯ ಮುಚ್ಚಳ ತಿರುಗಿಸುವಾಗ, ಬೀಗದ ಕೈ ತಿರುವುವಾಗ, ಒದ್ದೆ ಬಟ್ಟೆ ಹಿಂಡುವಾಗ ಮಣಿಕಟ್ಟಿನ ಪಕ್ಕದಲ್ಲಿ ಚಳುಕು ಹೊಡೆಯುತ್ತದಲ್ಲ, ಅದೇ. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಏನನ್ನಾದರೂ ಚಿವುಟಿ ಹಿಡಿದರೆ ತುದಿಯಲ್ಲಿ ಹಾಕಿದ ಬಲಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಭಾರ ಆ ಬುಡದ ಕೀಲಿನ ಮೇಲೆ ಬೀಳುತ್ತದೆ. ಈಗ ಮಡಿಸುವ ಚಾಕುವನ್ನು ತೆಗೆಯುವುದು ಹೇಗೆಂದು ನೆನಪಿಸಿಕೊಳ್ಳಿ. ಅಲಗಿನ ಮೇಲೆ ಅರ್ಧಚಂದ್ರದ ಒಂದು ಸಣ್ಣ ಗೀರಿರುತ್ತದೆ, ಹೆಬ್ಬೆರಳಿನ ಉಗುರನ್ನು ಅದಕ್ಕೆ ಸಿಕ್ಕಿಸಿ ಎಳೆಯಬೇಕು. ಅಂದರೆ ನಮ್ಮಲ್ಲಿ ಉಳಿಯದ ಉಗುರು, ನೋಯುವ ಹೆಬ್ಬೆರಳು, ಕಾಣದ ಗೀರು, ಮೂರನ್ನೂ ಒಟ್ಟಿಗೆ ಕೇಳುವ ಏರ್ಪಾಡು. ಚಾಕುವಿನ ಗುಣವನ್ನು ಅಲಗಿನಿಂದ ಅಳೆಯುವ ಗಂಡಸರ ವಿಮರ್ಶೆ ನಮಗೆ ಒದಗದಿರುವುದು ಇಲ್ಲಿಯೇ. ನಮಗೆ ಚಾಕು ಎಷ್ಟು ಚೆನ್ನಾಗಿ ಕತ್ತರಿಸುತ್ತದೆ ಎನ್ನುವುದು ಆಮೇಲಿನ ಮಾತು, ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ ಎನ್ನುವುದು ಮೊದಲಿನದು.

ಈ ಕಣ್ಣಿನಿಂದ ನಾನು ಆರು ತಿಂಗಳು ಚಾಕುಗಳನ್ನು ನೋಡಿದೆ. ಅಂಗಡಿಗಳಲ್ಲಿ ಕೈಗೆತ್ತಿಕೊಂಡು ನೋಡಿದೆ, ವಿದೇಶದಿಂದ ಬಂದವರ ಪೆಟ್ಟಿಗೆಯಲ್ಲಿ ನೋಡಿದೆ, ತರಿಸಿಯೂ ನೋಡಿದೆ.

ನಮ್ಮಲ್ಲಿ ಹೆಚ್ಚಿನವರ ಚೀಲದಲ್ಲಿ ಈಗಾಗಲೇ ಇರುವುದು ನೇಲ್ ಕಟರ್. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಚಾಕು, ಒಂದು ಮುಚ್ಚಳ ತೆಗೆಯುವ ಕೊಕ್ಕೆ ಮಡಿಸಿ ಕೂತಿರುತ್ತವೆ. ಜಾತ್ರೆಯಲ್ಲೂ ಸಿಗುತ್ತದೆ, ರೈಲಿನಲ್ಲೂ ಮಾರುತ್ತಾರೆ. ಆ ಚಾಕು ಚಾಕುವಿನ ಚಿತ್ರ ಅಷ್ಟೇ. ತಗಡಿಗೆ ಅಂಚು ಬರೆದ ಹಾಗಿರುತ್ತದೆ. ತೆರೆದರೆ ಕೀಲಿನಲ್ಲಿ ಬಿಗಿಯಿಲ್ಲದೆ ತಾನಾಗಿ ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಉಗುರು ಕತ್ತರಿಸಲು ಇಟ್ಟುಕೊಳ್ಳಿ, ಚಾಕುವೆಂದು ನಂಬಬೇಡಿ.

ಮಹಿಳೆಯರಿಗಾಗಿಯೇ ಎಂದು ಹೇಳಿ ಮಾರುವುದು ಇನ್ನೊಂದು ಬಗೆ. ಗುಲಾಬಿ ಬಣ್ಣ, ಬೀಗದಕೈ ಗೊಂಚಲಿಗೆ ಸಿಕ್ಕಿಸುವ ಸರಪಣಿ, ಪಕ್ಕದಲ್ಲೊಂದು ಸೀಟಿ. ಕತ್ತಲಲ್ಲಿ ಯಾರಾದರೂ ಅಡ್ಡಗಟ್ಟಿದರೆ ಇದನ್ನು ತೋರಿಸಬೇಕಂತೆ. ಎಪ್ಪತ್ತರ ಅಕ್ಕಯ್ಯ ಗುಲಾಬಿ ಚಾಕು ತೋರಿಸಿ ಕಳ್ಳನನ್ನು ಓಡಿಸುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ನನಗೆ ಈ ಮಾಲಿನ ಮೇಲೆ ಸಿಟ್ಟಿರುವುದು ಅದರ ಬಣ್ಣಕ್ಕಲ್ಲ. ಹೆಣ್ಣು ಚಾಕು ಹಿಡಿಯುವುದು ಯಾರಿಗೋ ಹೆದರಿದಾಗ ಮಾತ್ರ ಎಂಬ ನಂಬಿಕೆಯನ್ನು ಅದು ಮಾರುತ್ತದೆ. ಪೇರಲೆಹಣ್ಣು ಕುಯ್ಯಲಿಕ್ಕೆ, ಕೊರಿಯರಿನ ಪೆಟ್ಟಿಗೆಯ ಟೇಪು ಸೀಳಲಿಕ್ಕೆ ಚಾಕು ಬೇಕಾದೀತು ಎಂಬುದು ಆ ತಯಾರಕರ ತಲೆಗೆ ಹೊಳೆದೇ ಇಲ್ಲ.

ಗಂಡಸರು ಹೊಗಳುವ ದಪ್ಪ ಬೀಗದ ಚಾಕುಗಳನ್ನೂ ಹಿಡಿದು ನೋಡಿದೆ. ಟಕ್ಕೆಂದು ತೆರೆಯುತ್ತವೆ, ಕೆಲವಕ್ಕೆ ಉಗುರೂ ಬೇಡ, ಹೆಬ್ಬೆರಳಿಗೊಂದು ಗುಬ್ಬಿಯಿರುತ್ತದೆ. ಮುಚ್ಚುವಾಗಲೇ ಕಷ್ಟ. ಒಳಗಿನ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಆ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುವಾಗ ಅಲಗನ್ನು ಮಡಿಸಬೇಕು. ಮೂವತ್ತರ ಕೈಗೆ ಅದು ಆಟ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಕೈಗೆ ಅದನ್ನು ನಾನಂತೂ ಕೊಡಲಾರೆ.

ಸ್ವಿಟ್ಜರ್ಲೆಂಡಿನ ಕೆಂಪು ಚಾಕುವನ್ನು ತಿಳಿಯದವರಿಲ್ಲ. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಕಮ್ಮಟ ಹಾಕಿದ. 1891ರಿಂದ ಸೈನಿಕರಿಗೆ ಚಾಕು ಒದಗಿಸತೊಡಗಿದ. ಅಧಿಕಾರಿಗಳಿಗೆಂದು ಹಲವು ಉಪಕರಣಗಳ ಹಗುರವಾದ ಚಾಕುವನ್ನು 1897ರಲ್ಲಿ ಹೊರತಂದ. ಅವನ ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವಳ ಹೆಸರನ್ನೇ ಮಾಲಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಅದರ ಗುರುತಾದ 'ಇನಾಕ್ಸ್' ಸೇರಿ ವಿಕ್ಟೋರಿನಾಕ್ಸ್ ಆಯಿತು. ಜಗತ್ತಿನ ಸೈನಿಕರು, ಸಾಹಸಿಗಳೆಲ್ಲ ಜೇಬಿನಲ್ಲಿಟ್ಟುಕೊಂಡು ಮೆರೆಯುವ ಚಾಕು ಒಬ್ಬ ಅಮ್ಮನ ಹೆಸರಿನದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದರಲ್ಲಿ ಅತಿ ಸಣ್ಣದು, ಮಡಿಸಿದರೆ 58 ಮಿಲಿಮೀಟರ್, ನಮ್ಮ ಕಿರುಬೆರಳಷ್ಟು. ಒಂದು ಅಲಗು, ಒಂದು ಕತ್ತರಿ, ಉಗುರು ಉಜ್ಜುವ ಅರ, ಹಿಡಿಯಲ್ಲಿ ಬಚ್ಚಿಟ್ಟ ಚಿಮಟ, ಹಲ್ಲುಕಡ್ಡಿ. ಕತ್ತರಿಯ ಕೆಲಸ ಅಪ್ಪಟ. ಕೈಗೆ ಮುಳ್ಳು ಹೊಕ್ಕರೆ ಚಿಮಟದಷ್ಟು ಉಪಕಾರಿ ಬೇರೊಂದಿಲ್ಲ. ಆದರೆ ಅಲಗು ಹಿಡಿಯೊಳಗೆ ಪೂರ್ತಿ ಅಡಗಿ ಕೂತಿರುವುದರಿಂದ ಉಗುರಿಲ್ಲದೆ ಅದು ಹೊರಗೆ ಬಾರದು. ದೊಡ್ಡ ಅಳತೆಯ 91 ಮಿಲಿಮೀಟರಿನದರ ಸ್ಪ್ರಿಂಗಂತೂ ಇನ್ನೂ ಬಿಗಿ. ಅಮ್ಮನ ಹೆಸರಿಟ್ಟ ಮಗ ಆ ಅಮ್ಮನ ಹೆಬ್ಬೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಿಮಗೆ ಉಗುರು ಗಟ್ಟಿಯಿದ್ದರೆ, ಹೆಬ್ಬೆರಳಿನಲ್ಲಿ ನೋವಿಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ, ಈ 58ರದ್ದನ್ನೇ ಕೊಂಡುಕೊಳ್ಳಿ.

ಜಪಾನಿನ ಹಿಗೊನೊಕಾಮಿ ಎಂಬುದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಮಿಕಿ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮಾಡುತ್ತಿದ್ದಾರೆ. ಹಿತ್ತಾಳೆಯದೋ ಕಬ್ಬಿಣದ್ದೋ ತಗಡನ್ನು ಮಡಿಸಿದರೆ ಅದೇ ಹಿಡಿ. ಸ್ಪ್ರಿಂಗಿಲ್ಲ, ಬೀಗವಿಲ್ಲ. ಅಲಗಿನ ಬುಡದಿಂದ ಒಂದು ಬಾಲ ಹೊರಗೆ ಚಾಚಿರುತ್ತದೆ. ಅದನ್ನು ಒತ್ತಿದರೆ ಅಲಗು ಎದ್ದುಬರುತ್ತದೆ. ಕತ್ತರಿಸುವಷ್ಟು ಹೊತ್ತೂ ಹೆಬ್ಬೆರಳು ಆ ಬಾಲವನ್ನು ಅದುಮಿ ಹಿಡಿದಿರಬೇಕು, ಬೀಗ ಎಂದರೆ ನಿಮ್ಮ ಹಿಡಿತವೇ. ತೆರೆಯಲು ಉಗುರೇ ಬೇಡ, ಬಾಲವನ್ನು ಮೇಜಿನ ಅಂಚಿಗೆ ಒತ್ತಿದರೂ ಆಯಿತು. ಎಷ್ಟು ಸರಳ! ಒಂದು ಕಾಲಕ್ಕೆ ಜಪಾನಿನ ಶಾಲೆಯ ಮಕ್ಕಳೆಲ್ಲ ಇದರಲ್ಲೇ ಪೆನ್ಸಿಲು ಹೆರೆಯುತ್ತಿದ್ದರು. 1960ರ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೇ ಇರಿದು ಕೊಂದ. ಕೊಂದದ್ದು ಕಿರುಗತ್ತಿಯಿಂದ, ಪೆನ್ಸಿಲು ಚಾಕುವಿನಿಂದಲ್ಲ. ಆದರೂ ಮಕ್ಕಳ ಕೈಗೆ ಅಲಗು ಕೊಡಬೇಡಿ ಎಂಬ ಚಳವಳಿ ದೇಶದಲ್ಲೆಲ್ಲ ಎದ್ದು, ಆ ಬಡಪಾಯಿ ಚಾಕು ಶಾಲೆಯಿಂದ ಹೊರಬಿತ್ತು. ಓದುತ್ತಿದ್ದಂತೆ ನನಗೆ ಅಕ್ಕಯ್ಯನ ಮಕ್ಕಳ ಕಾರಿನ ಡಿಕ್ಕಿ ಕಣ್ಣಿಗೆ ಬಂತು. ಒಂದು ದುರ್ಘಟನೆಯಾದರೆ ಮೊದಲು ಕಿತ್ತುಕೊಳ್ಳುವುದು ಮಕ್ಕಳ ಕೈಯಿಂದ, ಆಮೇಲೆ ಮುದುಕಿಯರ ಕೈಯಿಂದ. ಆದರೆ ಈ ಚಾಕುವನ್ನೂ ನಾನು ಅಕ್ಕಯ್ಯನಿಗೆ ಆರಿಸಲಿಲ್ಲ. ಬಾಲದ ಮೇಲಿನ ಹೆಬ್ಬೆರಳು ನೋವಿಗೆ ಸಡಿಲಿದರೆ ಅಲಗೂ ಸಡಿಲ. ಮೊನೆಯೂ ಬಹಳ ಚೂಪು.

ಕೊನೆಗೆ ಬಂದು ನಿಂತದ್ದು ಫ್ರಾನ್ಸಿನ ಸವಾಯ್ ಎಂಬ ಗುಡ್ಡಗಾಡಿನ ಚಾಕುವಿನ ಹತ್ತಿರ. ಒಪಿನೆಲ್ ಎಂದು ಹೆಸರು. ಜೋಸೆಫ್ ಒಪಿನೆಲ್ ಎಂಬ ಹುಡುಗ 1890ರಲ್ಲಿ ರೈತಾಪಿ ಜನರಿಗೆಂದು ಮಾಡಿದ್ದು. ದುಂಡಗಿನ ಮರದ ಹಿಡಿ, ಅದರಲ್ಲೊಂದು ಸೀಳು, ಸೀಳಿನಲ್ಲಿ ತೆಳುವಾದ ಅಲಗು, ಒಂದು ಮೊಳೆ. ಲಟ್ಟಣಿಗೆಯ ತುಂಡಿಗೆ ಚಾಕು ಸಿಕ್ಕಿಸಿದ ಹಾಗಿದೆ, ನೋಡಿದ ಕೂಡಲೇ ನಮ್ಮ ಅಡಿಗೆಮನೆಯದ್ದೇ ಎನಿಸುತ್ತದೆ. 1955ರಲ್ಲಿ ಕತ್ತಿಗೆ ಒಂದು ಲೋಹದ ಬಳೆ ಸೇರಿತು. ತೆರೆದ ಮೇಲೆ ಬಳೆಯನ್ನು ತುಸು ತಿರುಗಿಸಿದರೆ ಅಲಗು ಮಡಚುವುದಿಲ್ಲ. ಈಗಿನವುಗಳಲ್ಲಿ ಮುಚ್ಚಿದಾಗಲೂ ತಿರುಗಿಸಿಟ್ಟರೆ ಚೀಲದಲ್ಲಿ ತಾನಾಗಿ ತೆರೆಯುವುದಿಲ್ಲ. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರಬೇಕಾಗಿಲ್ಲ. ಅಳತೆಗಳಿಗೆ ಅಂಕಿಯೇ ಹೆಸರು. ಆರನೆಯದರ ಅಲಗು 7 ಸೆಂಟಿಮೀಟರ್, ಏಳನೆಯದು 8. ಇದೇ ಏಳನೆಯದರಲ್ಲಿ ಮಕ್ಕಳಿಗೆಂದು ಒಂದು ಮಾಡುತ್ತಾರೆ. ತುದಿ ದುಂಡಗೆ, ಮೊನೆಯೇ ಇಲ್ಲ, ತುಕ್ಕು ಹಿಡಿಯದ ಉಕ್ಕು, ಹಿಡಿಗೆ ಕೆಂಪು, ನೀಲಿ ಬಣ್ಣಗಳೂ ಉಂಟು. ಇದು ಆಟಿಕೆಯಲ್ಲ, ಅಂಚು ದೊಡ್ಡವರದರಷ್ಟೇ ಹರಿತ. ಯೋಚಿಸಿ ನೋಡಿ, ನಮಗೆ ಮೊನೆ ಯಾತಕ್ಕೆ ಬೇಕು? ಹಣ್ಣು, ಟೇಪು, ಪೊಟ್ಟಣ, ದಾರ, ಮಾತ್ರೆಯ ಪಟ್ಟಿ, ಎಲ್ಲಕ್ಕೂ ಅಂಚು ಸಾಕು. ಚೀಲದಲ್ಲಿ ಕೈಹಾಕಿ ತಡಕಾಡುವ ಬೆರಳಿಗೆ, ಜಾರಿದಾಗ ಎದುರಿಗಿರುವ ಅಂಗೈಗೆ ಮೊನೆಯಿಂದ ಅಪಾಯವೇ ಹೊರತು ಲಾಭವಿಲ್ಲ.

ದೋಷವಿಲ್ಲದ ಚಾಕು ಇದೂ ಅಲ್ಲ. ಹಿಡಿ ಮರದ್ದಾದ್ದರಿಂದ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಆಗುಂಬೆಯ ಬುಡದಲ್ಲಿರುವವರಿಗೆ ಮಳೆಗಾಲವೆಂದರೇನು ಎಂದು ಹೇಳಬೇಕೇ? ಸವಾಯ್‌ನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಅಲಗು ತುಸು ಹೊರಕ್ಕೆ ಇಣುಕುತ್ತದೆ. ನಾವು ಗೊಡ್ಡು ಮೆಣಸಿನಪುಡಿಯ ಡಬ್ಬಿಯನ್ನು ಕುಟ್ಟುವುದಿಲ್ಲವೇ, ಹಾಗೆ. ಹೊಸತರಲ್ಲಿ ಬಳೆಯೂ ಬಿಗಿಯೇ. ಕೀಲಿಗೆ ಒಂದು ತೊಟ್ಟು ಕೊಬ್ಬರಿಎಣ್ಣೆ ಬಿಡುವುದು ನಮಗೆ ಸುಲಭದ್ದು, ಆದರೆ ಅದು ಕ್ರಮೇಣ ಅಂಟಾಗುತ್ತದೆ, ಹೊಲಿಗೆಯಂತ್ರದ ಎಣ್ಣೆ ಮೇಲು. ಮತ್ತೊಂದು ಗುಣವನ್ನು ಮರೆತೆನೆನ್ನಬೇಡಿ. ಮುಚ್ಚಿದಾಗ ಅಲಗಿನ ಬೆನ್ನು ಹಿಡಿಯಿಂದ ಸ್ವಲ್ಪ ಮೇಲೆದ್ದಿರುತ್ತದೆ, ಉಗುರು ಬೇಡ, ಎರಡು ಬೆರಳಿನಲ್ಲಿ ಹಿಡಿದೆಳೆಯಬಹುದು. ಇದನ್ನು ಇನ್ನೂ ಸುಲಭ ಮಾಡಬಹುದು ಎಂದು ನಮ್ಮ ಬೀದಿಯ ಬಡಗಿಯ ಹತ್ತಿರ ಹೋದೆ. ಆತ ಅರದಿಂದ ಹಿಡಿಯ ಎರಡೂ ಕಡೆ ಅರ್ಧಚಂದ್ರದ ಹಾಗೆ ಸವರಿ, ಉಪ್ಪುಕಾಗದ ಹಾಕಿ ನುಣುಪು ಮಾಡಿಕೊಟ್ಟ. ಈಗ ಆ ಜಾಗದಲ್ಲಿ ಅಲಗನ್ನು ಹೆಬ್ಬೆರಳು ಮತ್ತು ಬಾಗಿಸಿದ ತೋರುಬೆರಳಿನ ಪಕ್ಕದ ನಡುವೆ, ಬೀಗದ ಕೈ ಹಿಡಿದ ಹಾಗೆ, ತುಂಬ ಹಿಡಿದು ತೆರೆಯಬಹುದು. ತುದಿಬೆರಳಿನ ಚಿವುಟು ಬೇಡ. ಹತ್ತು ನಿಮಿಷದ ಕೆಲಸ. ನೂರು ವರ್ಷದಿಂದ ಮಾಡುತ್ತಿರುವ ಕಂಪನಿಗೆ ಮಾಡಬಹುದಾಗಿತ್ತು.

ಕಾನೂನಿನ ಮಾತು ಬಂದೇ ಬರುತ್ತದೆ, ಮನೆಯಲ್ಲಿ ಯಾರಾದರೂ ಎತ್ತುತ್ತಾರೆ. ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪಟ್ಟಿ ಮಾಡಿರುವ ಚಾಕುಗಳೆಂದರೆ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವಂಥವು. ಮನೆಬಳಕೆ, ಬೇಸಾಯಕ್ಕೆಂದು ಮಾಡಿದವು ಆ ಪಟ್ಟಿಗೆ ಸೇರುವುದಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಯಾವ ಚಾಕುವೂ ಸಲ್ಲದು, ಹಿಂದೆ ಹಾಕುವ ಪೆಟ್ಟಿಗೆಗೆ ಹೋಗಬೇಕು. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗುವವರು ಇನ್ನೊಂದು ತಿಳಿದಿರಬೇಕು. ಅಲ್ಲಿಯ 1988ರ ಕಾನೂನಿನ ಪ್ರಕಾರ ಸಕಾರಣವಿಲ್ಲದೆ ಹೊರಗೆ ಒಯ್ಯಬಹುದಾದದ್ದು 3 ಅಂಗುಲ ಮೀರದ, ಬೀಗವಿಲ್ಲದ ಮಡಿಸುವ ಚಾಕು ಮಾತ್ರ. ಬಳೆಯ ಚಾಕು ಬೀಗದ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಕೆಂಪು ಚಾಕುವೇ ಸರಿ.

ಅಕ್ಕಯ್ಯನಿಗೆ ಕೆಂಪು ಹಿಡಿಯ, ದುಂಡುತುದಿಯ ಚಾಕುವನ್ನು ಒಯ್ದುಕೊಟ್ಟೆ. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಜಗಲಿಯ ಮೇಲಿಟ್ಟೆ, ಅವರು ಎತ್ತಿಕೊಂಡರು. ತಿರುಗಿಸಿ ನೋಡಿ, "ಮಕ್ಕಳದ್ದಲ್ವನೇ ಇದು?" ಅಂದರು. ಹೌದೆಂದೆ. "ಹಂಗಾರೆ ಅಡ್ಡಿಲ್ಲ, ನಮ್ಮ ಮಾಣಿ ಬೈಯೂದಿಲ್ಲ" ಎಂದು ನಕ್ಕರು. ಎಡಗೈಯ ಮೇಲಿಟ್ಟು ಕುಯ್ಯುವ ಅಭ್ಯಾಸ ಬಿಡಿಸಲಿಕ್ಕೆ ಮಾತ್ರ ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಮಾತ್ರೆಯ ಪಟ್ಟಿಯನ್ನು ಮಣೆಯ ಮೇಲೆ ಬೋರಲು ಹಾಕಿ, ಹಿಂದಿನ ಹಾಳೆಯ ಮೇಲೆ ಮಾತ್ರೆಯ ಸುತ್ತ ಮೆಲ್ಲಗೆ ಗೀರಿದರೆ ಸಾಕು, ಒತ್ತುವುದೇ ಬೇಡ. ಅದನ್ನು ಅವರು ಮೂರು ಸಲ ಮಾಡಿ ತೋರಿಸಿದ ಮೇಲೆ ಮಗನಿಗೆ ಫೋನು ಮಾಡಿಸಿದೆ. ಜೊತೆಗೆ ಇನ್ನೊಂದನ್ನೂ ಗೋಡೆಗೆ ಬರೆದು ಅಂಟಿಸಿದೆ: ಗಾಯವಾದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒಂದೇ ಸಮ ಒತ್ತಿ ಹಿಡಿಯುವುದು, ನಿಂತಿತೇ ಎಂದು ನಡುನಡುವೆ ತೆಗೆದು ನೋಡಬಾರದು, ಕೈ ಮೇಲಕ್ಕಿರಲಿ, ಅಷ್ಟಕ್ಕೂ ನಿಲ್ಲದಿದ್ದರೆ ಆಸ್ಪತ್ರೆ.

ಮಗ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಈಳಿಗೆಮಣೆ ಮಾತ್ರ ಅಟ್ಟದಲ್ಲೇ ಇರ್ಲಿ ಚಿಕ್ಕಮ್ಮಾ" ಎಂದ. ಒಪ್ಪಿಕೊಂಡೆವು. ಮೊಳಕಾಲು ಮಡಿಸಿ ಕೂರಲು ಇಬ್ಬರಿಗೂ ಆಗುತ್ತಿರಲಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ.

ನನ್ನ ಕೈಚೀಲದಲ್ಲಿ ಈಗ ಇರುವುದು ಆರನೆಯ ಅಳತೆಯದು, ಕಾರ್ಬನ್ ಉಕ್ಕಿನದ್ದು. ತುಕ್ಕಿನ ಕಾಟವಿದ್ದರೂ ಇದಕ್ಕೆ ಸಾಣೆ ಬೇಗ ಹಿಡಿಯುತ್ತದೆ ಎಂಬ ಒಂದೇ ಆಸೆಗೆ ಕೊಂಡದ್ದು. ಮಾವಿನಕಾಯಿ, ನಿಂಬೆಹಣ್ಣು ಕುಯ್ದರೆ ಕಪ್ಪಾಗುತ್ತದೆ, ಆ ಕರೆ ನಮ್ಮ ಹಳೆಯ ಈಳಿಗೆಗೆ ಇದ್ದದ್ದೇ. ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬೀದಿಗೆ ಬರುತ್ತಿದ್ದವನು ನಮ್ಮಲ್ಲಿಗೆ ಬರುವುದು ನಿಂತು ವರ್ಷಗಳಾದವು. ಅವನ ಬದಲಿಗೆ ಪಿಂಗಾಣಿ ಕಪ್ಪು ಇದೆ. ಬೋರಲು ಹಾಕಿದರೆ ತಳದ ಸುತ್ತ ಹೊಳಪಿಲ್ಲದ ಒರಟು ಬಳೆಯೊಂದು ಕಾಣುತ್ತದಲ್ಲ, ಅದು ಒಳ್ಳೆಯ ಸಾಣೆ. ಅಲಗಿನ ಬೆನ್ನನ್ನು ಮೂರು ನಾಣ್ಯ ಒಂದರ ಮೇಲೊಂದಿಟ್ಟಷ್ಟು ಎತ್ತಿ, ಆ ಬಳೆಯ ಮೇಲೆ ಈ ಕಡೆ ಹತ್ತು ಸಲ, ಆ ಕಡೆ ಹತ್ತು ಸಲ, ಭಾರ ಬಿಡದೆ ಎಳೆಯಬೇಕು. ಟೊಮೆಟೊ ಮೇಲಿಟ್ಟು ನೋಡಿ. ಒತ್ತದೆಯೇ ಸಿಪ್ಪೆಯೊಳಗೆ ಇಳಿದರೆ ಹರಿತವಾಗಿದೆ ಎಂದರ್ಥ. ಜಾರಿದರೆ ಇನ್ನೂ ಹತ್ತು ಸಲ.

ಹೋದ ಆಯುಧಪೂಜೆಗೆ ಅಕ್ಕಯ್ಯ ಅಟ್ಟದಿಂದ ಈಳಿಗೆಮಣೆ ಇಳಿಸಿ ತೊಳೆಸಿದರಂತೆ, ಪೂಜೆಗೆ ಮಾತ್ರ ಎಂದು ಮಗನ ಅನುಮತಿ ಪಡೆದು. ಅದರ ಪಕ್ಕಕ್ಕೆ ಕತ್ತರಿ, ಹೊಲಿಗೆಯಂತ್ರದ ಸೂಜಿಗಳ ಡಬ್ಬಿ, ಕೆಂಪು ಹಿಡಿಯ ಚಾಕು. ಎಲ್ಲಕ್ಕೂ ಅರಿಶಿನ ಕುಂಕುಮ. ಅವರದ್ದು ತುಕ್ಕು ಹಿಡಿಯದ ಉಕ್ಕು, ತೊಂದರೆಯಿಲ್ಲ. ನನ್ನದರಂಥದ್ದಕ್ಕೆ ಕುಂಕುಮ ಹಚ್ಚುವವರು ಸಂಜೆ ದೀಪವಾದ ಮೇಲೆ ಒರೆಸಿ ಒಂದು ಹನಿ ಎಣ್ಣೆ ಸವರಿಡಿ. ಇಲ್ಲವಾದರೆ ವಿಜಯದಶಮಿಯ ಬೆಳಗಿಗೆ ಅಷ್ಟೂ ಜಾಗಕ್ಕೆ ಕೆಂಪು ತುಕ್ಕು ಕೂತಿರುತ್ತದೆ, ಅದು ಕುಂಕುಮವೆಂದೇ ನೀವು ತಿಳಿದುಕೊಂಡಿರುತ್ತೀರಿ.